ಹೊಲಿಗೆಯಾಕೆಯ ಫೈಲು

ಜೂನ್ ೧೮

ಪ್ರೀತಿಯ ಅಕ್ಕ,

ಸುಖವಾಗಿ ಬಂದು ತಲುಪಿದೆ. ಊರುಗೋಲು ನೋಡಿ ಬಸ್ಸಿನಲ್ಲಿ ಒಬ್ಬರು ಎದ್ದು ಸೀಟು ಕೊಟ್ಟರು. ನಲವತ್ತಕ್ಕೇ ಮುದುಕನಾದ ಹಾಗಾಯಿತು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ದಾಟಿ ಮುಂದೆ ಹೋದದ್ದೇ ಇಲ್ಲ. ನಾನು ಹಾಸ್ಟೆಲಿನಲ್ಲಿದ್ದ ಕಾಲದಿಂದಲೂ ನಿನಗೆ ಹೇಳಬೇಕಾದ್ದನ್ನು ಕಾಗದದಲ್ಲೇ ಹೇಳಿ ರೂಢಿಯಾಗಿಬಿಟ್ಟಿದೆ.

ಏಳು ವಾರ ನನ್ನನ್ನು ಸಾಕಿದೆ. ಲಿಫ್ಟ್ ರಿಪೇರಿ ಮಾಡುವವನು ಲಿಫ್ಟಿನ ಗುಂಡಿಗೇ ಬಿದ್ದು ಕಾಲು ಮುರಿದುಕೊಂಡು, ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಗೆ ಹೋಗಿ ಸೇರಿಕೊಂಡ ಕಥೆ ಹೇಳಿದರೆ ಇಲ್ಲಿ ಕೆಲಸದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನೀನು ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟು, ಮೇಜನ್ನು ಮಂಚದ ಪಕ್ಕಕ್ಕೆ ಎಳೆದು, ಕಂಪ್ಯೂಟರ್ ತೆರೆದಿಟ್ಟು, "ಬೇಜಾರಾದ್ರೆ ಏನಾದ್ರೂ ನೋಡ್ಕೋ" ಅಂತ ಹೇಳಿ ಕೆಲಸಕ್ಕೆ ಹೋಗುತ್ತಿದ್ದೆ. ಅದೊಂದು ಇಲ್ಲದಿದ್ದರೆ ಸೀಲಿಂಗಿನ ಬಿರುಕು ಎಣಿಸಿ ಎಣಿಸಿಯೇ ನನಗೆ ತಲೆ ಕೆಡುತ್ತಿತ್ತು.

ಹೊರಡುವ ದಿನ ಯಾಕೆ ಮಂಕಾಗಿದ್ದೀಯ ಅಂತ ಕೇಳಿದೆ. ಕಾಲು ನೋಯುತ್ತಿತ್ತು, ಅಷ್ಟೇ. ಬೇರೇನಿಲ್ಲ.

ನಿನ್ನ ಆಫೀಸಿನಲ್ಲಿ ಎಲ್ಲಾ ಸರಿಯಿದೆ ತಾನೆ? ಸುಮ್ಮನೆ ಕೇಳಿದೆ.

ನಿನ್ನ ತಮ್ಮ,
ಗುಬ್ಬಿ

*

ಜುಲೈ ೩

ಪ್ರೀತಿಯ ಗುಬ್ಬಿ,

ಎಂಬತ್ತು ಕೆ.ಜಿ. ತೂಗುವವನನ್ನು ಇನ್ನೂ ಹೀಗೆ ಕರೆಯಲು ನನಗೇ ನಗು ಬರುತ್ತದೆ. ಏನು ಮಾಡಲಿ, ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಕಾಲಿನ ವ್ಯಾಯಾಮ ಬಿಡಬೇಡ. ನೋವಾದರೂ ಮಾಡು.

ನಮ್ಮ ಸಲಹಾ ಕೇಂದ್ರದ ವಿಷಯ ನಾನು ಮನೆಯಲ್ಲಿ ಎಂದೂ ಆಡಿದವಳಲ್ಲ. ಹೆಂಗಸರು ಬಂದು ಮನೆಯ ಕಷ್ಟ ಹೇಳಿಕೊಳ್ಳುತ್ತಾರೆ, ನಾನು ಕೇಳಿ ಬರೆದಿಟ್ಟುಕೊಳ್ಳುತ್ತೇನೆ ಎಂಬಷ್ಟು ಮಾತ್ರ ನಿನಗೆ ಗೊತ್ತು. ಬರೆಯುವಾಗ ಯಾರ ಹೆಸರನ್ನೂ ಹಾಕುವುದಿಲ್ಲ, ಕಸುಬು ಹಾಕುತ್ತೇವೆ. ಹೂವಿನಾಕೆ, ನರ್ಸು, ಹೊಲಿಗೆಯಾಕೆ, ಹೀಗೆ.

ಈ ಹೊಲಿಗೆಯಾಕೆ ಮೇ ಕೊನೆಗೆ ಆರು ವರ್ಷದ ಮಗಳನ್ನು ಕರೆದುಕೊಂಡು ಗಂಡನ ಮನೆ ಬಿಟ್ಟು ಬಂದಳು. ಅವಳಿಗೆ ಒಂದು ರೂಮು ನೋಡಿಕೊಟ್ಟೆವು, ಕನ್ನಡಕದ ಅಂಗಡಿಯ ಮೇಲೆ. ಆ ವಿಳಾಸ ಮೂವರಿಗೆ ಮಾತ್ರ ಗೊತ್ತಿತ್ತು. ನಮ್ಮ ಮುಖ್ಯಸ್ಥೆಗೆ, ನನಗೆ, ಮತ್ತೆ ರಿಜಿಸ್ಟರಮ್ಮನಿಗೆ. ರಿಜಿಸ್ಟರಮ್ಮ ಅಂದರೆ ಬಾಗಿಲ ಬಳಿ ಕೂತು ಬಂದವರ ವಿವರ ಬರೆದುಕೊಳ್ಳುವ ಹೆಂಗಸು. ಐವತ್ತೈದು ದಾಟಿದೆ. ಅಳುತ್ತಾ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಪೆನ್ನು ಹಿಡಿಯುವವಳು. ರೂಮು ಹುಡುಕಿದ್ದೂ ಅವಳೇ.

ನೀನು ಹೋದ ನಾಲ್ಕನೇ ದಿನ, ಮಟಮಟ ಮಧ್ಯಾಹ್ನ, ಗಂಡ ಆ ರೂಮಿಗೆ ಬಂದ. ಬಾಗಿಲು ಒದ್ದ. ಅವಳು ಒಳಗಿನಿಂದ ಮುಚ್ಚಲು ಹೋದಳು, ಅವನು ಬಾಗಿಲನ್ನು ಎಳೆದು ಬಡಿದ. ಅವಳ ಎರಡು ಬೆರಳು ಮುರಿದಿವೆ. ಕನ್ನಡಕದಂಗಡಿಯವರು ಓಡಿ ಬರದಿದ್ದರೆ ಏನಾಗುತ್ತಿತ್ತೋ. ಮಗು ಮಂಚದ ಕೆಳಗೆ ಇತ್ತಂತೆ.

ವಿಳಾಸ ಹೊರಗೆ ಹೋದದ್ದು ಹೇಗೆ ಅಂತ ಕೇಂದ್ರದಲ್ಲಿ ವಿಚಾರಣೆ ನಡೆಯುತ್ತಿದೆ. ಮುಖ್ಯಸ್ಥೆ ನನ್ನನ್ನು ಕರೆದು, "ಕೇಂದ್ರದಿಂದ ಕೊಟ್ಟ ಕಂಪ್ಯೂಟರ್ ನಿಮ್ಮ ಮನೇಲೇ ಇರುತ್ತಲ್ಲ, ಅದನ್ನ ಬೇರೆ ಯಾರಾದ್ರೂ ಮುಟ್ತಾರಾ?" ಅಂತ ಕೇಳಿದರು.

"ಇಲ್ಲ, ನಾನೊಬ್ಬಳೇ" ಅಂದೆ.

ಯಾಕೆ ಹಾಗಂದೆನೋ, ಬಾಯಿಗೆ ಬಂದುಬಿಟ್ಟಿತು.

ನಿನಗೇನಾದರೂ ಬರೆಯುವುದಿದ್ದರೆ ಬರೆ.

ಅಕ್ಕ

*

ಜುಲೈ ೧೪

ಪ್ರೀತಿಯ ಅಕ್ಕ,

ಕಾಗದ ಓದಿ ತುಂಬಾ ಬೇಸರವಾಯಿತು. ಎಂಥ ಕಾಲ ಬಂತು. ಆ ಹೆಂಗಸಿನ ಯಾವ ಕೈ ಬೆರಳು? ಹೊಲಿಯುವವಳು ಅಂದೆಯಲ್ಲ, ಅದಕ್ಕೆ ಕೇಳಿದೆ.

ವಿಳಾಸ ಯಾರಾದರೂ ಹೇಳಿಯೇ ಗೊತ್ತಾಗಬೇಕು ಅಂತೇನಿಲ್ಲ ಅಲ್ಲವಾ? ಮಗು ಶಾಲೆಗೆ ಹೋಗುತ್ತದೆ, ಹಿಂದೆ ಹೋದರೆ ಸಿಗುತ್ತದೆ. ಪೇಟೆಯಲ್ಲಿ ನೋಡಿದವರು ಇರುತ್ತಾರೆ. ಎಲ್ಲವನ್ನೂ ನಿಮ್ಮ ಕೇಂದ್ರದ ತಲೆಗೇ ಕಟ್ಟಿಕೊಳ್ಳುವುದು ಸರಿಯಲ್ಲ ಅಂತ ನನಗನ್ನಿಸುತ್ತದೆ. ನೀನು ಮೊದಲೇ ಎಲ್ಲವನ್ನೂ ಹಚ್ಚಿಕೊಳ್ಳುವವಳು.

ನಾನು ಇನ್ನೂ ಮೇಲಕ್ಕೆ ಹತ್ತುವ ಕೆಲಸಕ್ಕೆ ಹೋಗುತ್ತಿಲ್ಲ. ಆಫೀಸಿನಲ್ಲಿ ಕೂತು ದೂರು ಬರೆದುಕೊಳ್ಳುತ್ತೇನೆ. "ನಾಲ್ಕನೇ ಮಹಡಿಯಲ್ಲಿ ನಿಂತುಬಿಟ್ಟಿದೆ, ಒಳಗೆ ಜನ ಇದ್ದಾರೆ" ಅಂತ ಫೋನ್ ಬರುತ್ತದೆ. "ಗಾಬರಿ ಆಗ್ಬೇಡಿ, ಬರ್ತಾ ಇದೀವಿ" ಅನ್ನುತ್ತೇನೆ. ಫೋನ್ ಇಟ್ಟ ಮೇಲೆ ನೋಡಿದರೆ ವಿಳಾಸ ಬರೆದುಕೊಳ್ಳುವುದನ್ನೇ ಮರೆತಿರುತ್ತೇನೆ. ಪಕ್ಕದವರು ನಿದ್ದೆ ಸಾಲದು ಅನ್ನುತ್ತಾರೆ.

ಗುಬ್ಬಿ

*

ಜುಲೈ ೨೬

ಗುಬ್ಬಿ,

ಬಲಗೈ. ತೋರುಬೆರಳು ಮತ್ತು ನಡುಬೆರಳು. ಕೇಳಿದೆಯಲ್ಲ, ಅದಕ್ಕೆ ಬರೆದೆ.

ಗಂಡ ಈಗ ಹೊಸ ರಾಗ ತೆಗೆದಿದ್ದಾನೆ. ಅವಳೇ ವಿಳಾಸ ಕೊಟ್ಟು ಕರೆಸಿದಳಂತೆ. ರಾಜಿ ಮಾಡಿಕೊಳ್ಳೋಣ ಬಾ ಅಂದಳಂತೆ, ಬಾಗಿಲು ಗಾಳಿಗೆ ಬಡಿಯಿತಂತೆ. ಅವನು ಹತ್ತಿರ ಸುಳಿಯಬಾರದು ಅಂತ ಅವಳು ಕೋರ್ಟಿಗೆ ಹೋಗಿದ್ದಾಳೆ. "ನಾನು ಕರೆದಿಲ್ಲ" ಅನ್ನುವುದಕ್ಕೆ ಅವಳ ಹತ್ತಿರ ಅವಳ ಬಾಯಿಮಾತು ಬಿಟ್ಟರೆ ಬೇರೇನೂ ಇಲ್ಲ. ಮಗುವನ್ನು ತನಗೆ ಒಪ್ಪಿಸಬೇಕು ಅಂತಲೂ ಅವನು ಅರ್ಜಿ ಹಾಕಿದ್ದಾನೆ.

ಮೊನ್ನೆ ಶುಕ್ರವಾರ ರಿಜಿಸ್ಟರಮ್ಮನನ್ನು ಕೆಲಸದಿಂದ ತೆಗೆದರು. ವಿಳಾಸ ಗೊತ್ತಿದ್ದವರು ಮೂವರು, ಅದರಲ್ಲಿ ಇಬ್ಬರು ಹೊಣೆಯ ಸ್ಥಾನದಲ್ಲಿರುವವರು, ಉಳಿದವಳು ಅವಳು. ಹಾಗಂತ ಲೆಕ್ಕ ಹಾಕಿದರು. ಆ ಹಾಳೆಗೆ ನಾನೂ ಸಹಿ ಹಾಕಿದೆ. ಅವಳು ತನ್ನ ಕುರ್ಚಿಯ ಮೇಲಿದ್ದ ದಿಂಬನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು.

ಸೊಂಟ ನೋವು ಅಂತ ಅವಳು ಹೊಲಿಸಿಕೊಂಡಿದ್ದ ದಿಂಬು ಅದು.

ಅಕ್ಕ

*

ಆಗಸ್ಟ್ ೯

ಅಕ್ಕ,

ಮೂರು ಸಲ ಬರೆದು ಹರಿದು ಹಾಕಿದೆ. ಇದನ್ನು ಹರಿಯುವ ಮುಂಚೆಯೇ ಅಂಚೆ ಪೆಟ್ಟಿಗೆಗೆ ಹಾಕಿಬಿಡುತ್ತೇನೆ.

ವಿಳಾಸ ಕೊಟ್ಟವನು ನಾನು.

ಅವಳ ಗಂಡ ನನ್ನ ಹಾಸ್ಟೆಲ್ ಗೆಳೆಯ. ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿದ್ದಾನೆ, ಎಲ್ಲರೂ ಗೇರ್ ಮೇಷ್ಟ್ರು ಅನ್ನುತ್ತಾರೆ. ನಾನು ನಿನ್ನ ಮನೆಯಲ್ಲಿದ್ದಾಗ ನೋಡಲು ಬರುತ್ತಿದ್ದವನು ಅವನೇ. ಬಿಸ್ಕತ್ ಪೊಟ್ಟಣ ಯಾರು ತಂದದ್ದು ಅಂತ ಒಂದು ದಿನ ಕೇಳಿದ್ದೆಯಲ್ಲ. ನೀನಿಲ್ಲದ ಹೊತ್ತಿನಲ್ಲೇ ಬಂದು ಹೋಗುತ್ತಿದ್ದ, ಹಾಗಾಗಿ ನೀನು ಅವನನ್ನು ನೋಡಲಿಲ್ಲ.

ಜೂನ್ ಮೊದಲ ವಾರ ಬಂದವನು ನನ್ನ ಮಂಚದ ತುದಿಯಲ್ಲಿ ಕೂತು ಅತ್ತುಬಿಟ್ಟ. "ಮಗೂನ ಕರ್ಕೊಂಡು ಹೋಗ್ಬಿಟ್ಲು ಕಣೋ. ಎಲ್ಲಿದ್ದಾರೋ ಗೊತ್ತಿಲ್ಲ. ಮಗೂನ ಒಂದು ಕಣ್ಣು ಮಂದ, ಇನ್ನೊಂದಕ್ಕೆ ದಿನಾ ಪಟ್ಟಿ ಕಟ್ಟಬೇಕು ಅಂತ ಡಾಕ್ಟ್ರು ಹೇಳಿದ್ರು, ನಾನೇ ಕಟ್ತಾ ಇದ್ದೆ. ಈಗ ಯಾರು ಕಟ್ತಾರೆ?" ಅಂದ. ಅಷ್ಟು ವರ್ಷದ ಗೆಳೆತನದಲ್ಲಿ ಅವನು ಅತ್ತದ್ದನ್ನು ನಾನು ನೋಡಿದ್ದೇ ಇಲ್ಲ.

ಕೆಲವು ದಿನ ಆದ ಮೇಲೆ ನನ್ನ ರಜೆ ಅರ್ಜಿಯನ್ನು ನಿನ್ನ ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದೆ. ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ಬರುತ್ತದಲ್ಲ, ಅದರಲ್ಲಿ 'ಹೊಲಿಗೆಯಾಕೆ' ಅಂತ ಇತ್ತು. ಕೈತಪ್ಪಿ ತೆರೆದುಕೊಂಡಿತು. ಕೊನೆಯ ಪುಟ ಮಾತ್ರ ಕಣ್ಣಿಗೆ ಬಿತ್ತು. ಮಗಳ ಕಣ್ಣಿನ ಪಟ್ಟಿ, ಕನ್ನಡಕದಂಗಡಿ, ಮೇಲಿನ ರೂಮು. ಇದು ಅವನದೇ ಸಂಸಾರ ಅಂತ ಗೊತ್ತಾಯಿತು. ಅಪ್ಪನಿಗೆ ಮಗಳು ಎಲ್ಲಿದ್ದಾಳೆ ಅಂತ ತಿಳಿದರೆ ತಪ್ಪೇನು ಅಂದುಕೊಂಡೆ. ಹೇಳಿದೆ.

ಹೀಗಾಗುತ್ತದೆ ಅಂತ ಗೊತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಏನು ಬೇಕಾದರೂ ಅನ್ನು. ಆದರೆ ಬೇಕಂತ ಮಾಡಿದ್ದಲ್ಲ, ಅದೊಂದನ್ನು ನಂಬು.

ಗುಬ್ಬಿ

*

ಆಗಸ್ಟ್ ೧೭

ತಮ್ಮನಿಗೆ,

ಕೈತಪ್ಪಿ ತೆರೆಯಿತು ಅಂತ ಬರೆದಿದ್ದೀಯ.

ಕಂಪ್ಯೂಟರಿನಲ್ಲಿ ಹುಡುಕುವ ಜಾಗ ಇದೆಯಲ್ಲ, ಅಲ್ಲಿ ಟೈಪ್ ಮಾಡಿದ ಪದಗಳನ್ನು ಅದು ನೆನಪಿಟ್ಟುಕೊಳ್ಳುತ್ತದೆ. 'ರಜೆ' ಅಂತ ಒಂದು ಇತ್ತು. ಅದರ ಮೇಲೆ 'ಹೊಲಿಗೆ' ಅಂತ ಇತ್ತು. ಅದರ ಮೇಲೆ 'ಕಣ್ಣಿನ ಪಟ್ಟಿ'. ಅವನ್ನು ಟೈಪ್ ಮಾಡಿದವಳು ನಾನಲ್ಲ. ಹೊಲಿಗೆಯಾಕೆಯ ಮೂರು ಫೈಲೂ ಜೂನ್ ಒಂಬತ್ತು, ಹತ್ತು, ಹನ್ನೆರಡನೇ ತಾರೀಕು ತೆರೆದಿದ್ದವು. ಮೂರೂ ದಿನ ನಾನು ಬೆಳಿಗ್ಗೆಯಿಂದ ಕೇಂದ್ರದಲ್ಲಿದ್ದೆ.

ಈಗ ನನ್ನ ಸರದಿ. ಇದನ್ನೆಲ್ಲ ನಾನು ನೋಡಿದ್ದು ಜೂನ್ ಇಪ್ಪತ್ತೆರಡಕ್ಕೆ, ಅವಳ ಬೆರಳು ಮುರಿದ ಮಾರನೇ ದಿನ. ಮುಖ್ಯಸ್ಥೆ ನನ್ನನ್ನು ಕರೆದು ಕೇಳುವ ಮುಂಚೆಯೇ. ಪರದೆಯ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ, ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಆಮೇಲೆ ಆ ಪಟ್ಟಿಯನ್ನು ಅಳಿಸಿದೆ. ಒಂದೊಂದಾಗಿ ಅಲ್ಲ, ಪೂರ್ತಿಯಾಗಿ. ಅಳಿಸುವ ಮುಂಚೆ ಅದು "ಖಚಿತವೇ?" ಅಂತ ಕೇಳುತ್ತದೆ. ಹೌದು ಅಂದೆ. ಕೇಂದ್ರಕ್ಕೆ ಹೋಗಿ ನಾನೊಬ್ಬಳೇ ಮುಟ್ಟುವುದು ಅಂತ ಹೇಳಿದೆ. ಒಂದು ತಿಂಗಳಾದ ಮೇಲೆ ರಿಜಿಸ್ಟರಮ್ಮನ ಹಾಳೆಗೆ ಸಹಿ ಹಾಕಿದೆ. ನಿನಗೆ ಬರೆದ ಎರಡು ಕಾಗದದಲ್ಲೂ ನನಗೆ ಏನೂ ಗೊತ್ತಿಲ್ಲದವಳ ಹಾಗೆ ನಟಿಸಿದೆ. ನೀನಾಗಿ ಹೇಳುತ್ತೀಯ ಅಂತ ಕಾದೆ ಅಂದುಕೊಂಡಿದ್ದೆ. ಈಗ ನೋಡಿದರೆ, ಹೇಳದೇ ಇದ್ದರೆ ಸಾಕು ಅಂತ ಕಾದಿದ್ದೆನೇನೋ.

ಇನ್ನೊಂದಿದೆ. ಎರಡು ವರ್ಷದ ಹಿಂದೆಯೇ ಮುಖ್ಯಸ್ಥೆ ನಮ್ಮೆಲ್ಲರಿಗೂ ಒಂದು ಹಾಳೆ ಕೊಟ್ಟಿದ್ದರು. ಮನೆಯಲ್ಲಿ ಬೇರೆಯವರು ಕಂಪ್ಯೂಟರ್ ಬಳಸುವುದಾದರೆ ಅವರಿಗೆ ಬೇರೆ ಪಾಸ್‌ವರ್ಡಿನ ಬೇರೆ ಖಾತೆ ಮಾಡಿಕೊಡಿ, ಕೆಲಸದ ಫೈಲುಗಳಿಗೆ ಬೀಗ ಹಾಕಿ, ನೀರು ಕುಡಿಯಲು ಎದ್ದರೂ ಪರದೆ ಮುಚ್ಚಿ ಏಳಿ ಅಂತ. ಹತ್ತು ನಿಮಿಷದ ಕೆಲಸ. ನೀನು ಬಂದ ದಿನ ಅದು ನೆನಪಾಯಿತು. ಆದರೆ ನೀನು ಮಂಚದ ಮೇಲೆ ಕಾಲು ಚಾಚಿಕೊಂಡು ನೋಡುತ್ತಿದ್ದೆ. ನಿನ್ನ ಕಣ್ಣೆದುರಿಗೇ ಬೀಗ ಹಾಕಿದರೆ ನಿನಗೆ ಏನನ್ನಿಸುತ್ತದೋ ಅಂತ ಸಂಕೋಚವಾಯಿತು. ನನ್ನ ತಮ್ಮ ತಾನೆ, ನನ್ನ ಮನೆ ತಾನೆ, ಬಚ್ಚಿಡುವಂಥದ್ದು ನನ್ನದೇನಿದೆ ಅಂದುಕೊಂಡೆ. ಅದರೊಳಗಿದ್ದದ್ದು ನನ್ನದಲ್ಲ ಅನ್ನುವುದು ತಲೆಗೆ ಹೊಳೆಯಲಿಲ್ಲ.

ನೀನು ಎಷ್ಟು ಓದಿದೆ? ಕೊನೆಯ ಪುಟ ಅನ್ನಬೇಡ.

ಅಕ್ಕ

*

ಆಗಸ್ಟ್ ೩೦

ಅಕ್ಕ,

ಎಲ್ಲಾ ಓದಿದೆ.

ಅವನು ಅತ್ತು ಹೋದ ಮೇಲೆ ನನಗೆ ಒಂದೇ ಯೋಚನೆ. ಅವನ ಹೆಂಡತಿ ಹೊಲಿಗೆ ಮಾಡುತ್ತಾಳೆ, ನೀನು ಇಂಥ ಹೆಂಗಸರ ನಡುವೆ ಕೆಲಸ ಮಾಡುತ್ತೀಯ, ಒಂದು ವೇಳೆ ಇದ್ದರೆ? ಅಂತ. ಹಾಗೆ ಹುಡುಕಿದೆ. ಸಿಕ್ಕಿತು. ಮೊದಲ ದಿನ ಮೊದಲ ಫೈಲು ಓದಿ ಮುಚ್ಚಿಬಿಟ್ಟೆ. ಸಾಕು ಅನ್ನಿಸಿತು. ಮಾರನೇ ದಿನ ನೀನು ಹೋದ ಕೂಡಲೇ ಮತ್ತೆ ತೆರೆದೆ. ಪಕ್ಕೆಲುಬಿನ ಮೇಲಿನ ಗುರುತು, ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದದ್ದು, ಮಗು ಮಾತಾಡುವುದನ್ನು ನಿಲ್ಲಿಸಿದ ವಾರ, ಎಲ್ಲಾ. ನೀನು ಅವಳ ಮಾತನ್ನು ಅವಳು ಆಡಿದ ಹಾಗೆಯೇ ಬರೆದಿದ್ದೆ. ಕಿವಿಯಲ್ಲಿ ಕೇಳಿಸುವ ಹಾಗಿತ್ತು.

ಓದಿಯೂ, ಗಂಡ ಹೆಂಡಿರ ಜಗಳ, ಅವಳು ಒಂದಕ್ಕೆ ನಾಲ್ಕು ಸೇರಿಸಿ ಹೇಳಿರುತ್ತಾಳೆ ಅಂದುಕೊಂಡೆ. ಹಾಗಂದುಕೊಂಡರೆ ನನ್ನ ಗೆಳೆಯ ನನ್ನ ಗೆಳೆಯನಾಗಿಯೇ ಉಳಿಯುತ್ತಿದ್ದ.

ಅವನು ಅತ್ತದ್ದನ್ನು ನೋಡಿದ್ದೇ ಇಲ್ಲ ಅಂತ ಬರೆದಿದ್ದೆ. ಅದೂ ಸುಳ್ಳು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವನ ತುಟಿ ಒಡೆಯುವ ಹಾಗೆ ಹೊಡೆದು, ಆಮೇಲೆ ಅವನ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತಿದ್ದ. ಎರಡು ತಿಂಗಳಿಗೆ ಮತ್ತೆ ಹೊಡೆದ, ಮತ್ತೆ ಅತ್ತ. ಹೊಡೆದ ಮೇಲೆ ಅಳುವುದು ಅವನ ಹಳೆಯ ಚಾಳಿ. ನನಗೆ ಗೊತ್ತಿತ್ತು ಅಕ್ಕ. ಮಂಚದ ತುದಿಯಲ್ಲಿ ಕೂತು ಅತ್ತಾಗಲೇ ಗೊತ್ತಾಗಬೇಕಿತ್ತು. ಗೊತ್ತಾಯಿತೋ ಏನೋ.

ಹನ್ನೆರಡನೇ ತಾರೀಕು ಅವನು ಬಂದಾಗ ಮೂರನೇ ಫೈಲನ್ನು ತೆರೆದು ವಿಳಾಸ ಸರಿಯಾಗಿ ನೋಡಿಕೊಂಡೆ. ಪೇಪರಿನ ಅಂಚು ಹರಿದು, ನೀನು ನನ್ನ ಮಾತ್ರೆಯ ಹೊತ್ತು ಬರೆದಿಡುತ್ತಿದ್ದ ಪೆನ್ನಿನಲ್ಲೇ ಬರೆದುಕೊಟ್ಟೆ. "ಗಲಾಟೆ ಮಾಡ್ಬೇಡ, ಸಮಾಧಾನವಾಗಿ ಮಾತಾಡು" ಅಂದೆ. ಅವನು ನನ್ನ ಪ್ಲಾಸ್ಟರಿನ ಮೇಲೆ ಮೆಲ್ಲಗೆ ತಟ್ಟಿ, "ನೀನೊಬ್ಬನೇ ನನ್ನೋನು" ಅಂದ. ನನಗೆ ಖುಷಿಯಾಯಿತು.

ಖುಷಿಯಾಯಿತು ಅನ್ನುವುದನ್ನು ಬರೆಯಲೇ ಇಷ್ಟು ದಿನ ಬೇಕಾಯಿತು.

ತಮ್ಮ

*

ಸೆಪ್ಟೆಂಬರ್ ೧೬

ತಮ್ಮನಿಗೆ,

ನಿನ್ನ ಕಾಗದ ಬಂದ ಮಾರನೇ ಬೆಳಿಗ್ಗೆ ಮುಖ್ಯಸ್ಥೆಯ ಎದುರು ಕೂತು ಎಲ್ಲಾ ಹೇಳಿದೆ. ನೀನು ಓದಿದ್ದು, ನಾನು ಅಳಿಸಿದ್ದು, ಸುಳ್ಳು ಹೇಳಿದ್ದು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬೇರೆಯವರ ಮನೆಯಲ್ಲಿ ಹೀಗಾದ್ರೆ ನೀವು ಏನು ಸಲಹೆ ಕೊಡ್ತಿದ್ರಿ?" ಅಂತ ಕೇಳಿದರು.

ನನ್ನನ್ನು ಹೆಂಗಸರ ಜೊತೆ ಮಾತಾಡುವ ಕೆಲಸದಿಂದ ಬಿಡಿಸಿದ್ದಾರೆ. ಈಗ ಹಿಂದಿನ ಕೋಣೆಯಲ್ಲಿ ಪುಸ್ತಕ ಜೋಡಿಸುತ್ತೇನೆ. ಕಂಪ್ಯೂಟರ್ ವಾಪಸು ತೆಗೆದುಕೊಂಡರು, ಇನ್ನು ಮೇಲೆ ಯಾರದ್ದೂ ಕೇಂದ್ರದ ಬಾಗಿಲು ದಾಟುವುದಿಲ್ಲ. ಇಪ್ಪತ್ತು ವರ್ಷ ನನ್ನ ಎದುರಿನ ಕುರ್ಚಿಯಲ್ಲಿ ಯಾರಾದರೊಬ್ಬರು ಕೂತಿರುತ್ತಿದ್ದರು. ಈಗ ಎದುರಿಗೆ ಗೋಡೆ. ಇದು ಕಡಿಮೆ ಶಿಕ್ಷೆ ಅಂತ ಗೊತ್ತು.

ರಿಜಿಸ್ಟರಮ್ಮನ ಮನೆಗೆ ಹೋಗಿದ್ದೆ. ಬೀದಿಯ ಕೊನೆಯ ಮನೆ, ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲಾ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಕೊನೆಗೆ, "ನನಗೆ ಅವತ್ತೇ ಗೊತ್ತಾಗಿತ್ತು ಮೇಡಂ" ಅಂದಳು.

"ಹೇಗೆ?"

"ಸಹಿ ಹಾಕುವಾಗ ನೀವು ನನ್ನ ಮುಖ ನೋಡ್ಲಿಲ್ಲ. ನಿಜವಾಗ್ಲೂ ನಾನೇ ತಪ್ಪು ಮಾಡಿದೀನಿ ಅಂತ ನಿಮಗೆ ಅನ್ನಿಸಿದ್ರೆ ನೀವು ನೋಡ್ತಿದ್ರಿ. ಬೈತಿದ್ರಿ. ನಿಮ್ಮನ್ನ ಹದಿನೈದು ವರ್ಷದಿಂದ ನೋಡ್ತಿದೀನಿ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವೇ ಸುಮ್ಮನಿದ್ರಲ್ಲ."

ಕೇಂದ್ರದಿಂದ ಅವಳಿಗೆ ಮತ್ತೆ ಬನ್ನಿ ಅಂತ ಪತ್ರ ಹೋಗಿದೆ. ಬರುವುದಿಲ್ಲ ಅಂದಿದ್ದಾಳೆ. ಸಿಟ್ಟಿನಿಂದಲ್ಲವಂತೆ. ಅಳುತ್ತಾ ಬಂದವರಿಗೆ "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ" ಅಂತ ಹೇಳಿ ಒಳಗೆ ಕಳಿಸುವುದು ಅವಳ ಕೆಲಸ. "ಆ ಮಾತು ಇನ್ನು ನನ್ನ ಬಾಯಲ್ಲಿ ಬರಲ್ಲ ಮೇಡಂ" ಅಂದಳು.

ಹೊಲಿಗೆಯಾಕೆಯ ವಿಚಾರಣೆ ನವೆಂಬರಿನಲ್ಲಿ. ಕಂಪ್ಯೂಟರಿನಲ್ಲಿದ್ದ ಗುರುತನ್ನು ನಾನು ಅಳಿಸಿಬಿಟ್ಟೆ. ಅವಳು ಅವನನ್ನು ಕರೆಯಲಿಲ್ಲ ಅನ್ನುವುದಕ್ಕೆ ಉಳಿದಿರುವುದು ನೀನೊಬ್ಬ. ಕೋರ್ಟಿಗೆ ಹೋಗು ಅಂತ ನಾನು ಹೇಳುವುದಿಲ್ಲ. ನಾನು ಹೇಳಿ ನೀನು ಹೋದರೆ ಅದು ಅಕ್ಕನ ಮಾತು ನಡೆಸಿದ ಹಾಗಾಗುತ್ತದೆ. ಅವಳ ವಕೀಲರ ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ. ಇದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಕ್ಕ

*

ಸೆಪ್ಟೆಂಬರ್ ೨೮

ಅಕ್ಕ,

ವಕೀಲರ ಬಳಿ ಹೋಗಿ ಬರೆದುಕೊಟ್ಟು ಬಂದೆ. ನಾಲ್ಕು ಹಾಳೆ. ನಡುವೆ ಅವರು ಒಂದು ಸಲ ಪೆನ್ನು ಕೆಳಗಿಟ್ಟು, "ಕೈತಪ್ಪಿ ನೋಡಿದೆ ಅಂತ ಬರೆದ್ರೆ ನಿಮಗೆ ಸ್ವಲ್ಪ ಹಗುರ ಆಗುತ್ತೆ" ಅಂದರು. ನನ್ನ ಕಷ್ಟ ನೋಡಿ ಅಂದದ್ದಿರಬೇಕು. ಬೇಡ, ಹುಡುಕಿದೆ ಅಂತಲೇ ಬರೆಯಿರಿ ಅಂದೆ.

ಅವನಿಗೆ ಸುದ್ದಿ ಮುಟ್ಟಿದೆ. ನಿನ್ನೆ ಫೋನ್ ಮಾಡಿದ. ಮೊದಲು ಕೆಟ್ಟ ಕೆಟ್ಟದಾಗಿ ಬೈದ. ಆಮೇಲೆ ದನಿ ತಗ್ಗಿಸಿ ಅಳಲು ಶುರು ಮಾಡಿದ. "ನೀನೂ ಹೀಗೆ ಮಾಡ್ತೀಯಾ ಅಂದ್ಕೊಂಡಿರ್ಲಿಲ್ಲ ಕಣೋ" ಅಂದ. ನನಗೂ ಅಳು ಬಂತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತೆರಡು ವರ್ಷದ ಗೆಳೆತನ. ಅವನು ಅಳುತ್ತಿರುವಾಗಲೇ ಫೋನ್ ಇಟ್ಟೆ.

ಇಲ್ಲಿ ಕೆಲಸದ ಕಡೆಯೂ ಹೇಗೋ ಗೊತ್ತಾಗಿದೆ. ನಾವು ಬೇರೆಯವರ ಕಟ್ಟಡಕ್ಕೆ, ಮನೆಗೆ ಹೋಗಿ ಕೆಲಸ ಮಾಡುವವರು. ಮೊನ್ನೆ ಒಂದು ಆಫೀಸಿನಲ್ಲಿ ಲಿಫ್ಟಿನ ಬಾಗಿಲು ನೋಡಲು ಒಳಗೆ ಹೋದಾಗ, ಜೊತೆಗಿದ್ದವನು ತಮಾಷೆಗೆ, "ಮೇಜಿನ ಮೇಲಿರೋದನ್ನೆಲ್ಲ ಎತ್ತಿಡಿ, ನಮ್ಮೋನು ಓದ್ಬಿಡ್ತಾನೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲಿದ್ದ ಗುಮಾಸ್ತೆ ಮಾತ್ರ ನಗುತ್ತಲೇ ತನ್ನ ಕಂಪ್ಯೂಟರಿನ ಪರದೆಯನ್ನು ಆ ಕಡೆ ತಿರುಗಿಸಿಕೊಂಡಳು.

ತಮ್ಮ

*

ನವೆಂಬರ್ ೧೧

ಅಕ್ಕ,

ನಿನ್ನೆ ಹೇಗಾಯಿತು ಅಂತ ಮುಖ್ಯಸ್ಥೆ ನಿನಗೆ ಹೇಳಿರುತ್ತಾರೆ. ನನ್ನ ಕಡೆಯಿಂದಲೂ ಬರೆಯಬೇಕು ಅನ್ನಿಸಿತು.

ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಬೆಂಚು, ಫ್ಯಾನು, ಕಟ್ಟು ಕಟ್ಟು ಕಾಗದ. ಗೇರ್ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದ. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಹೊಲಿಗೆಯಾಕೆಯನ್ನು ನಾನು ಮೊದಲ ಸಲ ನೋಡಿದ್ದು, ಅವನ ಮದುವೆಗೂ ನನಗೆ ಹೋಗಲಾಗಿರಲಿಲ್ಲ. ಅಷ್ಟೆಲ್ಲ ಓದಿದ್ದವನಿಗೆ ಅವಳ ಮುಖವೇ ಗೊತ್ತಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದಕ್ಕಿಂತ ಚಿಕ್ಕವಳು. ಬೆರಳಿನ ಪಟ್ಟಿ ಬಿಚ್ಚಿದ್ದರು, ಆದರೆ ಆ ಎರಡು ಬೆರಳು ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ. ಲೋಟ ಹಿಡಿಯುವಾಗ ನೋಡಿದೆ.

ಅವನ ವಕೀಲರು ನನ್ನನ್ನು ಚೆನ್ನಾಗಿಯೇ ಜಾಲಾಡಿದರು. "ಅನ್ನ ಹಾಕಿದ ಅಕ್ಕನ ಕಂಪ್ಯೂಟರನ್ನೇ ಕದ್ದು ನೋಡಿದವರು ನೀವು. ನಿಮ್ಮ ಮಾತನ್ನ ಈ ನ್ಯಾಯಾಲಯ ಯಾಕೆ ನಂಬಬೇಕು?" ಅಂದರು.

ನಾನು ಮನೆಯಲ್ಲಿ ಇದಕ್ಕೊಂದು ಉತ್ತರ ತಯಾರು ಮಾಡಿಕೊಂಡಿದ್ದೆ. ಆ ಹೊತ್ತಿಗೆ ಒಂದಕ್ಷರವೂ ಬರಲಿಲ್ಲ. "ಕದ್ದು ನೋಡಿದ್ದು ಹೌದು. ವಿಳಾಸ ಬರೆದುಕೊಟ್ಟದ್ದೂ ನಾನೇ. ಅವರು ಕರೆದಿದ್ದರೆ ಇವನು ನನ್ನ ಹತ್ತಿರ ಬರ್ತಾ ಇರ್ಲಿಲ್ಲ" ಅಂದೆ. ನ್ಯಾಯಾಧೀಶರು ಅದನ್ನು ಎರಡು ಸಲ ಹೇಳಿಸಿ ಬರೆಸಿಕೊಂಡರು. ಮಧ್ಯಾಹ್ನಕ್ಕೆ ಆದೇಶವಾಯಿತು. ಅವನು ಅವರಿಬ್ಬರ ಹತ್ತಿರ ಸುಳಿಯುವಂತಿಲ್ಲ. ಮಗು ತಾಯಿಯ ಬಳಿಯೇ. ಬೆರಳು ಮುರಿದದ್ದಕ್ಕೆ ಬೇರೆ ಮೊಕದ್ದಮೆ ನಡೆಯುತ್ತದಂತೆ, ಅದಕ್ಕೂ ನಾನು ಬರಬೇಕು.

ಹೊರಗೆ ಮೊಗಸಾಲೆಯಲ್ಲಿ ಮಗು ಮುಖ್ಯಸ್ಥೆಯ ಪಕ್ಕ ಕೂತಿತ್ತು. ಎಡಗಣ್ಣಿಗೆ ಪಟ್ಟಿ, ನೀಟಾಗಿ ಅಂಟಿಸಿದ್ದರು. ಅದರ ಮೇಲೆ ಬಣ್ಣದ ಪೆನ್ನಿನಲ್ಲಿ ಒಂದು ಕಣ್ಣು ಬರೆದಿತ್ತು. ನಾನು ಗೋಡೆ ಹಿಡಿದುಕೊಂಡು ದಾಟಿಹೋಗುತ್ತಿದ್ದೆ, ಹಿಂದಿನಿಂದ ಹೊಲಿಗೆಯಾಕೆ ಕರೆದಳು.

"ನೀವು ಅವರ ತಮ್ಮನಾ?"

"ಹೂಂ."

"ಎಲ್ಲಾ ಓದಿದ್ರಾ?"

"ಎಲ್ಲಾ."

"ಓದಿದ ಮೇಲೂ ಹೇಳಿದ್ರಾ?"

"ಹೇಳಿದೆ."

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. "ಅದನ್ನ ನಾನು ನಮ್ಮಮ್ಮನಿಗೂ ಹೇಳಿರ್ಲಿಲ್ಲ. ನಿಮ್ಮಕ್ಕನಿಗೊಬ್ಬರಿಗೇ ಹೇಳಿದ್ದೆ" ಅಂದಳು.

ಕ್ಷಮಿಸಿ ಅನ್ನಲು ಬಾಯಿ ತೆರೆದೆ. ನಾನು ಹಾಗಂದರೆ ಅವಳು ಅದಕ್ಕೆ ಏನಾದರೂ ಹೇಳಬೇಕಾಗುತ್ತದೆ. ಪರವಾಗಿಲ್ಲ ಅಂತಲೋ, ಇಲ್ಲ ಅಂತಲೋ. ಅವಳಿಂದ ಇನ್ನೊಂದು ಮಾತನ್ನೂ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಅವಳು ಎಡಗೈಯಲ್ಲಿ ಮಗುವಿನ ಕೈ ಹಿಡಿದುಕೊಂಡು ಮೆಟ್ಟಿಲಿಳಿದಳು. ಕೆಳಗೆ ರಸ್ತೆ ಎರಡು ಕಡೆಗೆ ಹೋಗುತ್ತದೆ. ಅವರು ಯಾವ ಕಡೆ ತಿರುಗಿದರು ಅಂತ ಕಣ್ಣಿಗೆ ಬೀಳದಿರಲಿ ಎಂದು, ಅವರ ಹೆಜ್ಜೆಯ ಸದ್ದು ಪೂರ್ತಿ ನಿಲ್ಲುವವರೆಗೂ ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ.

ನಿನ್ನ ತಮ್ಮ